ಏಕನಾಥಮ್ಮ ಬರೆದ ಕೊನೆಯ ಪೇಪರು

ತೊಂಬತ್ತಾರನೇ ಇಸವಿಯ ಏಪ್ರಿಲ್ ತಿಂಗಳು. ಏಕನಾಥಮ್ಮ ಮೂರನೇ ಸಲ ಎಸ್ಸೆಲ್ಸಿ ಪರೀಕ್ಷೆಗೆ ಹೊರಟಿದ್ದಳು. ಕನ್ನಡ, ಇಂಗ್ಲಿಷು, ವಿಜ್ಞಾನ, ಸಮಾಜ ಎಲ್ಲ ಹಿಂದಿನ ಎರಡು ಸಲದಲ್ಲೇ ಮುಗಿದಿದ್ದವು. ಉಳಿದದ್ದು ಲೆಕ್ಕ ಒಂದೇ. ಅದೂ ಆದರೆ ಅವಳ ಸ್ಕೂಲು ಮುಗಿದ ಹಾಗೆ. ಹತ್ತನೇ ತರಗತಿಯ ಅರ್ಧಕ್ಕೇ ಮದುವೆಯಾಗಿ ಹೊಳಲ್ಕೆರೆ ಸೀಮೆಯಿಂದ ಬಂದಿದ್ದವಳಿಗೆ ಈಗ ಇಪ್ಪತ್ತೆಂಟು ವರ್ಷ.

ಗಂಡ ಚಿತ್ರಲಿಂಗಪ್ಪ ಬಾಗಿಲ ಪಕ್ಕದ ಕಬ್ಬಿಣದ ಮಂಚದಲ್ಲಿ ಒರಗಿಕೊಂಡು ಅವಳು ಜಡೆ ಹೆಣೆಯುವುದನ್ನೇ ನೋಡುತ್ತಿದ್ದ. ಅವನು ಮಾರಿಕಣಿವೆ ಅಣೆಕಟ್ಟಿನಲ್ಲಿ ನೀರುಗಂಟಿ. ನಾಲೆಯ ತೂಬುಗಳನ್ನು ತಿರುವುತ್ತ, ಯಾವ ಊರಿಗೆ ಎಷ್ಟು ದಿನ ನೀರು ಎಂದು ನೋಡಿಕೊಳ್ಳುತ್ತ ಹದಿನಾಲ್ಕು ವರ್ಷ ಕಳೆದಿದ್ದ. ಎರಡು ತಿಂಗಳಿಂದ ರಜೆಯ ಮೇಲಿದ್ದ. ಕ್ವಾರ್ಟರ್ಸಿನ ಆ ಎರಡು ಕೋಣೆ ಬಿಟ್ಟರೆ ಎದುರಿನ ಹೊಂಗೆಮರದ ನೆರಳು, ಅಷ್ಟೇ ಅವನ ಓಡಾಟ.

"ಹಾಲ್ ಟಿಕೆಟ್ ಇಟ್ಕಂಡ್ಯಾ?"

"ಇಟ್ಕಂಡೆ."

"ಸ್ಕೇಲು?"

"ಎಲ್ಲಾ ಇಟ್ಕಂಡಿದೀನಿ. ನೀನು ಸುಮ್ಕೆ ಮಲಿಕ್ಕ."

ಹೊರಡುವ ಮುಂಚೆ ಅವಳು ಪ್ರತಿದಿನದ ಕೆಲಸ ಮಾಡಿದಳು. ಕಾಯಿಸಿ ಆರಿಸಿದ ನೀರನ್ನು ಒಂದು ಸಣ್ಣ ಚೊಂಬಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ, ಮಂಚದ ಕೈಗೆಟುಕುವಲ್ಲಿ ಇಟ್ಟಳು. ಸಂಜೆಯವರೆಗೂ ಅವನು ಕುಡಿಯಬಹುದಾದ ನೀರು ಅಷ್ಟೇ. ಅವನ ಊಟಕ್ಕೆ ಉಪ್ಪಿಲ್ಲದ ಸಾರು ಬೇರೆ ಪಾತ್ರೆಯಲ್ಲಿತ್ತು. ಆಮೇಲೆ ಅವನ ಪಂಚೆಯ ಅಂಚನ್ನು ಸ್ವಲ್ಪ ಸರಿಸಿ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಆ ಗುಳಿ ಹಾಗೇ ಉಳಿಯಿತು. ಅವಳು ಅದನ್ನು ನೋಡುತ್ತ ಒಂದು ಕ್ಷಣ ಕೂತಳು. ಪಂಚೆ ಸರಿಮಾಡಿ ಎದ್ದಳು.

"ಈ ಸಲ ಎಲ್ಲಾ ಬರಿ, ಏಕಮ್ಮ" ಎಂದ ಚಿತ್ರಲಿಂಗಪ್ಪ. "ಒಂದೂ ಬಿಡಬ್ಯಾಡ."

ಅವಳು ಅವನ ಮುಖ ನೋಡದೆ, "ಬಸ್ಸಿಗೆ ಹೊತ್ತಾತು" ಎಂದು ಚಪ್ಪಲಿ ಮೆಟ್ಟಿಕೊಂಡು ಹಿರಿಯೂರಿನ ಬಸ್ಸು ಹಿಡಿಯಲು ಹೋದಳು.

ಅವಳು ಓದಲು ಶುರು ಮಾಡಿದ್ದು ಒಂದೂವರೆ ವರ್ಷದ ಹಿಂದೆ, ದಾವಣಗೆರೆಯ ಆಸ್ಪತ್ರೆಯಿಂದ ಮರಳಿ ಬಂದ ಮೇಲೆ. ಎರಡೂ ಕಿಡ್ನಿ ಹಾಳಾಗಿವೆ, ಇನ್ನು ಇದ್ದಷ್ಟು ದಿನ ಪಥ್ಯದಲ್ಲಿ ನೂಕಬೇಕು ಎಂದು ಅಲ್ಲಿಯ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದರು. ಯಂತ್ರಕ್ಕೆ ಹಾಕಿ ರಕ್ತ ಶುದ್ಧಿ ಮಾಡುತ್ತಾರಂತೆ, ಅದು ಬೆಂಗಳೂರಿನಲ್ಲಿ, ವಾರಕ್ಕೆ ಎರಡು ಸಲ, ಬದುಕಿರುವವರೆಗೂ. ಅದು ತಮಗೆ ಆಗುವ ಮಾತಲ್ಲ ಎಂದು ಇಬ್ಬರಿಗೂ ಅಲ್ಲೇ ಗೊತ್ತಾಗಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಚಿತ್ರಲಿಂಗಪ್ಪನೇ ಮೊದಲು ಬಾಯಿಬಿಟ್ಟಿದ್ದ.

"ನೀನು ಎಸ್ಸೆಲ್ಸಿ ಮಾಡ್ಕ. ಕೆಲಸದಾಗಿದ್ದಾಗ ನಾನು ಹೋದ್ರೆ ಅನುಕಂಪದ ಮ್ಯಾಲೆ ನಿಂಗೆ ಕೆಲಸ ಕೊಡ್ತಾರೆ. ಓದದೆ ಹೋದ್ರೆ ಕಸ ಗುಡಿಸೋ ಕೆಲಸ. ಎಸ್ಸೆಲ್ಸಿ ಆಗಿದ್ರೆ ಕುರ್ಚಿ ಮ್ಯಾಲೆ ಕುಂತು ಮಾಡೋದು."

ಏಕನಾಥಮ್ಮ ಎದ್ದು ಹೋಗಿ ಹಿರಿಯೂರಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿಕೊಂಡು ಬಂದಳು. ಎಂಟು ದಿನ ಬಿಟ್ಟು ನಜೀರ್ ಅಹಮದನ ಮನೆಗೆ ಹೋಗಿ, "ಅಣ್ಣ, ನಂಗೆ ಲೆಕ್ಕ ಹೇಳ್ಕೊಡ್ರಿ" ಎಂದು ಕೇಳಿದಳು. ನಜೀರ್ ಪಕ್ಕದ ಕ್ವಾರ್ಟರ್ಸಿನವನು, ಕಣಿವೆಯ ನೀರಿನ ಮಟ್ಟ ಬರೆದಿಡುವ ಕೆಲಸದವನು, ಪಿಯುಸಿವರೆಗೂ ಓದಿದ್ದ. ಅಂದಿನಿಂದ ದಿನಾ ಸಂಜೆ ಅವನ ಹೆಂಡತಿ ಪ್ಯಾರಿ ಬೀ ಬೀಡಿ ಎಲೆ ಕತ್ತರಿಸುತ್ತ ಕೂತರೆ, ಪಕ್ಕದಲ್ಲಿ ಇವಳು ತ್ರಿಕೋನ, ವೃತ್ತ ಬರೆಯುತ್ತ ಕೂರುತ್ತಿದ್ದಳು.

ಮೊದಲ ಸಲ ಲೆಕ್ಕ ಹೋದದ್ದಕ್ಕೆ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಹೋದಾಗ ಮಾತ್ರ ನಜೀರ್ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಚಿತ್ರಲಿಂಗಪ್ಪನ ಹತ್ತಿರ ಬಂದಿದ್ದ. "ನೋಡಪ್ಪ, ಇದು, ಇದು, ಇದು. ನನ್ ಮುಂದೆ ಹತ್ತು ಸಲ ಮಾಡ್ಯಾಳೆ. ಕಣ್ಮುಚ್ಚಿ ಮಾಡ್ತಿದ್ಲು. ಎಂಗೆ ಹೋತು ಅಂತ ನಂಗಂತೂ ತಿಳೀವಲ್ದು." ಚಿತ್ರಲಿಂಗಪ್ಪನಿಗೆ ಅಂದೇ ಒಂದು ಅನುಮಾನ ಹೊಕ್ಕಿತ್ತು. ಕೇಳುವ ಧೈರ್ಯ ಬಂದಿರಲಿಲ್ಲ.

ಹೊತ್ತು ಏರಿತು. ಮೂರು ದಿನದ ಹಿಂದೆ ಮಾಡದಕೆರೆಯಿಂದ ಮಗನನ್ನು ನೋಡಲು ಬಂದಿದ್ದ ತಾಯಿ ನಿಂಗಕ್ಕ ಒಳಗೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಗನಿಗೆ ಕಾಮಾಲೆ, ವಾಸಿಯಾಗುತ್ತಿದೆ ಎಂದಷ್ಟೇ ಅವಳಿಗೆ ಹೇಳಿದ್ದರು. ಜೀವಮಾನವೆಲ್ಲ ಕುರಿ ಕಾದವಳು, ಅರವತ್ತೈದಾದರೂ ಬಗ್ಗದ ಬೆನ್ನು. ಕಿರಿಯ ಮಗ ಕೆಂಚಪ್ಪ ಈಗಲೂ ಕುರಿ ಹಿಂಡಿನ ಹಿಂದೆ ಊರೂರು ಅಲೆಯುತ್ತಿದ್ದ.

"ಗಂಡ ಹಿಂಗೆ ಮಲಗವ್ನೆ. ಇವಳು ಜಡೆ ಹಾಕ್ಕಂಡು ಇಸ್ಕೂಲಿಗೆ ಹೋಗಿದಾಳೆ" ಎಂದು ಬೇಳೆಗೆ ಹೇಳುವವಳಂತೆ ಹೇಳಿದಳು ನಿಂಗಕ್ಕ. "ಮಕ್ಳು ಹೋಗೋ ವಯಸ್ನಾಗೆ ತಾನು ಹೋಗ್ತಾಳೆ."

ಚಿತ್ರಲಿಂಗಪ್ಪ ಗೋಡೆಯ ಗಡಿಯಾರ ನೋಡಿದ. ಹತ್ತು ಗಂಟೆ ಆಗಿತ್ತು. ಈಗ ಪೇಪರು ಕೊಟ್ಟಿರುತ್ತಾರೆ ಎಂದುಕೊಂಡ. ತಗಡಿನ ಸೂರು ಕಾದು ಟಕ್ ಟಕ್ ಎನ್ನತೊಡಗಿತು. ಚೊಂಬಿನ ನೀರು ಆಗಲೇ ಕಾಲುಭಾಗ ಉಳಿದಿತ್ತು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನುಂಗದೆ ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ನುಂಗಿದ.

ನಿಂಗಕ್ಕ ಅದನ್ನು ನೋಡಿದಳು. ಎದ್ದು ಬಂದು ಚೊಂಬಿನೊಳಗೆ ಇಣುಕಿದಳು.

"ಇದೇನ್ಲಾ ಇದು! ಕಣಿವೆ ದಂಡೆ ಮ್ಯಾಲೆ ಕುಂತು ಗಂಡಂಗೆ ನೀರು ಅಳೆದಿಟ್ಟು ಹೋಗಿದಾಳಲ್ಲ! ಮೂರು ದಿನದಿಂದ ನೋಡ್ತಿದೀನಿ. ನಾಯಿಗೂ ಒಂದು ಕುಡಿಕೆ ತುಂಬ ಇಡ್ತಾರೆ."

"ಡಾಕ್ಟ್ರು ಹೇಳ್ಯಾರೆ ಕಣವ್ವ."

"ಯಾವ ಡಾಕ್ಟ್ರು? ಕಾಮಾಲೆಗೆ ನೀರು ಬ್ಯಾಡ ಅಂತ ಯಾವನು ಹೇಳಿದ್ದು?"

ಒಳಗೆ ಹೋದವಳು ದೊಡ್ಡ ಲೋಟದ ತುಂಬ ಮಜ್ಜಿಗೆ ತಂದಳು. ಉಪ್ಪು ಹಾಕಿದ್ದಳು, ಕೊತ್ತಂಬರಿ ಕಿವುಚಿ ಹಾಕಿದ್ದಳು. ಚಿತ್ರಲಿಂಗಪ್ಪ ಬೇಡ ಎನ್ನಬೇಕೆಂದು ಬಾಯಿ ತೆರೆದ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ಕೈ ತಾನಾಗಿಯೇ ಲೋಟ ಹಿಡಿಯಿತು. ಎತ್ತಿದವನು ಕೆಳಗಿಳಿಸಲಿಲ್ಲ. ಒಂದೇ ಉಸಿರಿಗೆ ಗಟಗಟನೆ ಕುಡಿದು ತಳದಲ್ಲಿ ಉಳಿದ ಸೊಪ್ಪನ್ನೂ ಬೆರಳಿನಿಂದ ತೆಗೆದು ತಿಂದ. ಒಂದೂವರೆ ವರ್ಷದಲ್ಲಿ ಅವನು ಹೊಟ್ಟೆತುಂಬ ಕುಡಿದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು.

"ನೋಡು, ಎಷ್ಟು ಬಾಯಾರಿತ್ತು ಮಗೀಗೆ" ಎಂದಳು ನಿಂಗಕ್ಕ. "ಇನ್ನೊಂದ್ ಲೋಟ ತರ್ತೀನಿ."

"ಬ್ಯಾಡವ್ವ."

ಗಂಟೆ ಹನ್ನೊಂದೂವರೆಯಾಗುವ ಹೊತ್ತಿಗೆ ಅವನಿಗೆ ಉಸಿರು ಕಟ್ಟತೊಡಗಿತು. ಎದ್ದು ಕೂತು, ಮಂಚದ ಸರಳು ಹಿಡಿದು, ಬಾಯಿಂದ ಗಾಳಿ ಎಳೆದುಕೊಳ್ಳುತ್ತಿದ್ದ. ನಿಂಗಕ್ಕ ಬೆನ್ನು ನೀವಿದಳು. "ನಜೀರನ್ನ ಕರೀತೀನಿ, ಆಸ್ಪತ್ರೆಗೆ ಹೋಗಾಣ" ಎಂದು ಬಾಗಿಲಿಗೆ ಓಡಿದಳು. ಅವನು ಕೈಸನ್ನೆ ಮಾಡಿ ನಿಲ್ಲಿಸಿದ. ಹಿಂದೆಯೂ ಹೀಗಾಗಿದ್ದುಂಟು, ಕೂತರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆಂದು ಗೊತ್ತಿತ್ತು. ಇಳಿದ ಮೇಲೆ, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎನ್ನಿಸಿತು.

"ಇಲ್ಲಿ ಕುಂತ್ಕ ಅವ್ವ. ಇದು ಕಾಮಾಲೆ ಅಲ್ಲ. ನನ್ನ ಎರಡೂ ಕಿಡ್ನಿ ಹೋಗ್ಯಾವೆ. ಕುಡಿದ ನೀರು ಹೊರಗೆ ಹೋಗಲ್ಲ, ಮೈಯಾಗೇ ನಿಲ್ಲುತ್ತೆ. ಅದಕ್ಕೇ ಅವಳು ಅಳೆದಿಡೋದು. ವಾಸಿ ಆಗೋದಲ್ಲ ಇದು. ಈ ಮಳೆಗಾಲ ದಾಟಿದ್ರೆ ಹೆಚ್ಚು."

ನಿಂಗಕ್ಕ ನೆಲದ ಮೇಲೆ ಕೂತಳು. ಅವಳು ಎದೆ ಬಡಿದುಕೊಳ್ಳಬಹುದೆಂದು ಅವನು ಹೆದರಿದ್ದ. ಹಾಗೇನೂ ಮಾಡಲಿಲ್ಲ. ಕೈ ಚಾಚಿ ಅವನ ಊದಿದ ಪಾದವನ್ನು ಹಿಡಿದುಕೊಂಡಳು.

"ಕಾಲು ಬಾತಿದ್ದು ನೋಡಿದಾಗ್ಲೇ ಇದು ವಾಸಿ ಆಗೋದಲ್ಲ ಅಂತ ನಂಗೆ ಗೊತ್ತಾತು ಕಣಪ್ಪ. ಕುರಿಯಾಗೆ ಎಷ್ಟು ನೋಡಿಲ್ಲ ನಾನು. ಬಾಯಾಗೆ ಅನ್ನಾಕೆ ಬರ್ಲಿಲ್ಲ."

ಎದುರಿನ ಹೊಂಗೆಮರದಡಿ ಪ್ಯಾರಿ ಬೀಯ ಮೇಕೆ ಬಿದ್ದ ಹೂ ತಿನ್ನುತ್ತಿತ್ತು. ಆಮೇಲೆ ನಿಂಗಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು: "ಹಂಗಾರೆ ಅವಳು ಓದೋದು ಅದಕ್ಕೇನು?"

"ಹ್ಞೂಂ. ನಾನು ಹೋದ್ರೆ ನನ್ನ ಕೆಲಸದ ಬದ್ಲು ಅವಳಿಗೆ ಕೆಲಸ ಕೊಡ್ತಾರೆ. ಎಸ್ಸೆಲ್ಸಿ ಆಗಿದ್ರೆ ಆಫೀಸಿನಾಗೆ ಕೊಡ್ತಾರೆ. ಇವತ್ತು ಲೆಕ್ಕ ಒಂದು ಆಗ್ಬಿಟ್ರೆ ನಂಗೆ ಚಿಂತೆ ಇಲ್ಲ."

ನಿಂಗಕ್ಕ ಮತ್ತೆ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೆರಳುಗಳು ಬೇಳೆಯ ಮೇಲೆ ಸುಮ್ಮನೆ ಆಡುತ್ತಿದ್ದವು.

"ಕೆಂಚಪ್ಪ ಏಳನೇ ಕ್ಲಾಸು ಪಾಸಾಗಿಲ್ವೇನೋ?"

ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು.

"ಅವ್ವ."

"ಬೈಬ್ಯಾಡ, ಪೂರ್ತಿ ಕೇಳು. ಅವಳಿಗೆ ಮಕ್ಳಿಲ್ಲ ಮರೀ ಇಲ್ಲ. ಇಪ್ಪತ್ತೆಂಟು ವರ್ಷ. ನೀನು ಹೋದ ಮ್ಯಾಲೆ ಯಾರ ಮನೆ ಸೇರ್ತಾಳೋ ಯಾರಿಗೆ ಗೊತ್ತು. ಕೆಲಸನೂ ಅವಳ ಹಿಂದೆ ಹೋಗ್ತೈತೆ. ಕೆಂಚ ನಿನ್ನ ತಮ್ಮ. ಅವನಿಗೆ ಎರಡು ಹೆಣ್ಣು ಅವೆ. ಹದಿನೈದು ವರ್ಷದಿಂದ ಕುರಿ ಹಿಂದೆ ಬಯಲಾಗೆ ಮಲಗ್ತಾನೆ. ನನ್ನ ಒಬ್ಬ ಮಗನ ಕೆಲಸ ಇನ್ನೊಬ್ಬ ಮಗಂಗೆ ಹೋಗ್ಲಿ ಅಂದ್ರೆ ಅದು ತಪ್ಪಾ?"

"ಸರ್ಕಾರದಾಗೆ ಹೆಂಡ್ತಿಗೆ ಕೊಡೋದು."

"ಬರ್ಕೊಟ್ರೆ ಕೊಡ್ತಾರೆ. ನಮ್ಮೂರ ಪರಮೇಶ್ವರಪ್ಪ ಅಂತಾವೆಲ್ಲ ಬರ್ದು ಕೊಡ್ತಾನೆ."

"ನಾನು ಇನ್ನೂ ಬದುಕಿದೀನಿ ಕಣವ್ವ!"

ಕೂಗಿದ್ದಕ್ಕೆ ಮತ್ತೆ ಉಸಿರು ಹತ್ತಿತು. ನಿಂಗಕ್ಕನ ಮುಖ ಸಪ್ಪಗಾಯಿತು. ಅವಳಿಗೆ ತಾನು ಆಡಿದ್ದು ಈಗ ಕೇಳಿಸಿದಂತಿತ್ತು. ಮೊರ ಬದಿಗಿಟ್ಟು ಬಂದು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಅತ್ತಳು. ಅವನೂ ಅತ್ತ. ಆದರೆ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತು ಮುಗಿದ ಮೇಲೆ ಮುದ್ದೆ ಮುರಿದು, ಉಪ್ಪಿಲ್ಲದ ಸಾರಿನಲ್ಲಿ ಅದ್ದಿ, ಸಣ್ಣ ಮಗುವಿಗೆ ತಿನ್ನಿಸುವ ಹಾಗೆ ತಿನ್ನಿಸಿದಳು. ಅವನು ನಾಲ್ಕು ತುತ್ತು ತಿಂದು ಸಾಕೆಂದ.

ಮಧ್ಯಾಹ್ನವೆಲ್ಲ ಅವನು ನಿದ್ದೆ ಮಾಡಲಿಲ್ಲ. ತಾನು ಸಾಯುವುದನ್ನು ಒಪ್ಪಿಕೊಂಡು ಬಹಳ ದಿನವಾಗಿತ್ತು. ಆ ಸಾವಿನಿಂದ ಒಂದಾದರೂ ಒಳ್ಳೆಯದಾಗುತ್ತದೆ, ಅದನ್ನು ತಾನೇ ಮುಂಚಿತವಾಗಿ ಏರ್ಪಾಡು ಮಾಡಿ ಹೋಗುತ್ತಿದ್ದೇನೆ ಎಂಬ ಒಂದು ನೆಮ್ಮದಿ ಇತ್ತು. ಈಗ ಅದೂ ಇರಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕೆಂಚಪ್ಪನ ಹೆಣ್ಣುಮಕ್ಕಳು ಅವನಿಗೂ ಬೇಕಾದವರೇ. ದೊಡ್ಡದಕ್ಕೆ ಹೆಸರಿಟ್ಟವನೇ ಅವನು.

ಮೂರೂವರೆಗೆ ಏಕನಾಥಮ್ಮ ಬಂದಳು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಒಳಗೆ ಬಂದವಳೇ ಮೊದಲು ಚೊಂಬು ನೋಡಿದಳು, ಆಮೇಲೆ ಗಂಡನ ಮುಖ, ಆಮೇಲೆ ಮೂಲೆಯಲ್ಲಿದ್ದ ಮಜ್ಜಿಗೆ ಲೋಟ. ಲೋಟವನ್ನೆತ್ತಿ ಮುಸುರೆ ಪಾತ್ರೆಗಳ ಜೊತೆ ಇಟ್ಟಳು.

ನಿಂಗಕ್ಕನೇ ಕೇಳಿದಳು. "ಹೆಂಗಾತು?"

ಅತ್ತೆ ಅವಳ ಓದಿನ ವಿಷಯ ವಿಚಾರಿಸಿದ್ದು ಅದೇ ಮೊದಲು. ಏಕನಾಥಮ್ಮ ಆಶ್ಚರ್ಯದಿಂದ, "ಚೆನ್ನಾಗಾತು ಅತ್ತೆ" ಎಂದಳು.

"ಪಾಸಾಗ್ತೀಯಾ?"

"ಆಗ್ತೀನಿ."

ನಿಂಗಕ್ಕ ತಲೆಯಾಡಿಸಿದಳು. ಕೊಡ ಸೊಂಟಕ್ಕಿಟ್ಟುಕೊಂಡು ನಲ್ಲಿ ಕಡೆಗೆ ಹೊರಟುಹೋದಳು.

ಏಕನಾಥಮ್ಮ ಮಂಚದ ಅಂಚಿಗೆ ಕೂತು, ಪ್ರಶ್ನೆಪತ್ರಿಕೆಯನ್ನು ಮಡಿಕೆ ಬಿಡಿಸಿ ಗಂಡನ ಕೈಗಿತ್ತಳು. ಅವನಿಗೆ ಅದರಲ್ಲಿ ಅರ್ಧವೂ ಗೊತ್ತಾಗುತ್ತಿರಲಿಲ್ಲ. ಅವಳು ಪ್ರತಿ ಲೆಕ್ಕದ ಮುಂದೆ ಪೆನ್ಸಿಲಿನಿಂದ ಉತ್ತರ ಬರೆದುಕೊಂಡು ಬಂದಿದ್ದಳು.

"ಎಲ್ಲಾ ಬರ್ದೆ. ಒಂದೂ ಬಿಡ್ಲಿಲ್ಲ."

"ಹೋದ ಸಲ ಬಿಟ್ಟಿದ್ದೆ ಅಲ್ವಾ?"

ಅವಳು ತಲೆ ತಗ್ಗಿಸಿದಳು. "ಬಿಟ್ಟಿದ್ದೆ. ಬರೋವು ನಾಕು ಬಿಟ್ಟು ಎದ್ದು ಬಂದಿದ್ದೆ. ನಾನು ಪಾಸಾಗಿಬಿಟ್ರೆ, ಇನ್ನೇನು ಎಲ್ಲಾ ತಯಾರಾತು ಅಂತ ನೀನು ಹೊಂಟೇ ಬಿಡ್ತೀಯ ಅನ್ನಿಸ್ತಿತ್ತು. ಫೇಲಾದ್ರೆ ಇನ್ನೊಂದು ಆರು ತಿಂಗಳು ಇರ್ತೀಯ ಅಂತ. ಹುಚ್ಚಿ ಅನ್ನು."

"ಮತ್ತೆ ಈಗ ಯಾಕೆ ಬರ್ದೆ?"

ಅವಳು ಬೆಳಿಗ್ಗೆ ತಾನು ಒತ್ತಿ ನೋಡಿದ ಕಾಲಿನ ಮೇಲೆ ಕೈಯಿಟ್ಟಳು. ಅವನಿಗೆ ತಿಳಿಯಿತು. ಈ ಸಲ ಬಿಟ್ಟು ಬಂದರೂ ಪ್ರಯೋಜನವಿಲ್ಲ ಎಂದು ಗೊತ್ತಾದ್ದರಿಂದ ಬರೆದಿದ್ದಳು.

ತಾಯಿ ಆಡಿದ ಮಾತು ಅವನ ನಾಲಿಗೆ ತುದಿಗೆ ಬಂತು. ಹೇಳಿದರೆ ಅವಳು ಏನು ಮಾಡಬಲ್ಲಳು? ಅತ್ತೆಯೊಡನೆ ಜಗಳವಾಡುತ್ತಾಳೆ, ಇಲ್ಲವೇ ನನಗೆ ಈ ಕೆಲಸವೇ ಬೇಡ ಎನ್ನುತ್ತಾಳೆ. ಒಂದು ದಿನವಾದರೂ ಇರಲಿ ಎಂದುಕೊಂಡ. ಆಮೇಲೆ ಹೇಳಿದರಾಯಿತು.

"ನಜೀರಂಗೆ ತೋರಿಸ್ಕಂಡ್ ಬಾ ಹೋಗು" ಎಂದ. "ಕಾಯ್ತಾ ಇರ್ತಾನೆ."

ಅವಳು ಹೋದಳು. ಪಕ್ಕದ ಮನೆಯಿಂದ ನಜೀರನ ದೊಡ್ಡ ದನಿ ಕೇಳಿಸಿತು, "ಶಭಾಶ್! ಇದೂ ಸರಿ ಐತೆ! ಇದೂ!" ಪ್ಯಾರಿ ಬೀ ಏನೋ ಹೇಳಿ ನಕ್ಕಳು. ಏಕನಾಥಮ್ಮನೂ ನಕ್ಕಳೋ ಏನೋ, ಅವನಿಗೆ ಕೇಳಿಸಲಿಲ್ಲ.

ಮಾರನೇ ದಿನ ನಿಂಗಕ್ಕ ಊರಿಗೆ ಹೊರಟಳು. ಸೊಸೆಯ ಕೈಹಿಡಿದು, "ಚೆನ್ನಾಗಿ ನೋಡ್ಕಳವ್ವ" ಎಂದು ಅತ್ತು ಹೋದಳು. ಚಿತ್ರಲಿಂಗಪ್ಪ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಅವನು ಹೊಸದುರ್ಗದ ಆಸ್ಪತ್ರೆಯಲ್ಲಿದ್ದ. ಲೆಕ್ಕದಲ್ಲಿ ಎಪ್ಪತ್ತೊಂದು. ಅಂಕಪಟ್ಟಿಯನ್ನು ಅವಳು ಅವನ ಕಣ್ಣೆದುರಿಗೆ ಹಿಡಿದಳು. ಆ ಹೊತ್ತಿಗೆ ಅವನಿಗೆ ಮಾತು ತೊದಲುತ್ತಿತ್ತು. ಆಷಾಢದ ಎರಡನೇ ಸೋಮವಾರ ಅವನು ಹೋದ.

ಏಕನಾಥಮ್ಮ ಕ್ವಾರ್ಟರ್ಸು ಖಾಲಿ ಮಾಡಿ, ಪ್ಯಾರಿ ಬೀಯ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಇದ್ದುಕೊಂಡು ಅನುಕಂಪದ ಕೆಲಸಕ್ಕೆ ಅರ್ಜಿ ಹಾಕಿದಳು. ಎರಡು ತಿಂಗಳ ನಂತರ ನೀರಾವರಿ ಕಛೇರಿಯಿಂದ ಕರೆ ಬಂತು. ನಜೀರ್ ಜೊತೆಗೆ ಬಂದ. ಅಲ್ಲಿನ ಗುಮಾಸ್ತರು ಒಂದು ಕಾಗದ ತೆಗೆದು, "ತಕರಾರು ಬಂದೈತಮ್ಮ. ಓದಿ ಹೇಳ್ಬೇಕಾ?" ಎಂದರು.

"ನಂಗೆ ಓದಾಕೆ ಬರ್ತೈತೆ" ಎಂದಳು ಏಕನಾಥಮ್ಮ.

ನಿಂತುಕೊಂಡೇ ಓದಿದಳು. ಮೃತನ ಪತ್ನಿಗೆ ಸಂತಾನವಿಲ್ಲ, ಆಕೆ ಮರುಮದುವೆಯಾಗುವ ಸಂಭವವಿದೆ, ವೃದ್ಧ ತಾಯಿಯನ್ನು ಪೋಷಿಸುವವನು ಕಿರಿಯ ಮಗನೇ ಆದ್ದರಿಂದ ಅವನಿಗೆ ಕೆಲಸ ಕೊಡಬೇಕು. ಕೆಳಗೆ ನಿಂಗಕ್ಕನ ಹೆಬ್ಬೆಟ್ಟು. ಛಾಪಾ ಕಾಗದದ ಹಿಂದೆ ಅದನ್ನು ಕೊಂಡ ತಾರೀಖಿನ ಮುದ್ರೆ ಇತ್ತು. ಮೇ ಎರಡು. ಚಿತ್ರಲಿಂಗಪ್ಪ ಆಗ ಬದುಕಿದ್ದ. ಲೆಕ್ಕದ ಪರೀಕ್ಷೆ ಮುಗಿದು ಇನ್ನೂ ಮೂರು ವಾರವೂ ಆಗಿರಲಿಲ್ಲ. ಅತ್ತೆ ಅಂದು ಹೆಂಗಾತು ಎಂದು ಯಾಕೆ ಕೇಳಿದ್ದಳೆಂದು, ಗಂಡ ಅಂದು ಏನೋ ಹೇಳಬಂದು ತನ್ನನ್ನು ಯಾಕೆ ನಜೀರನ ಮನೆಗೆ ಕಳಿಸಿದ್ದನೆಂದು ಅವಳಿಗೆ ಆಗ ಹೊಳೆಯಿತು.

"ಅವ್ನಿಗೆ ಗೊತ್ತಿತ್ತು" ಎಂದಳು ನಜೀರನಿಗೆ. "ನಂಗೆ ಒಂದು ಮಾತು ಹೇಳ್ಲಿಲ್ಲ."

ಎರಡೂ ಕಡೆಯವರನ್ನು ಕರೆಸಿ ವಿಚಾರಣೆ ಮಾಡಬೇಕು, ಹೊತ್ತು ಹಿಡಿಯುತ್ತದೆ, ವರ್ಷವೂ ಆಗಬಹುದು, ಆಮೇಲೂ ಹೇಳಲಿಕ್ಕಾಗದು ಎಂದರು ಗುಮಾಸ್ತರು. ಅವಳು ಹಾಜರಾದದ್ದಕ್ಕೆ ರುಜು ಹಾಕಿ ಹೊರಗೆ ಬಂದಳು.

ಮೆಟ್ಟಿಲ ಮೇಲೆ ನಿಂಗಕ್ಕ ಕೂತಿದ್ದಳು. ಪಕ್ಕದಲ್ಲಿ ಕಂಬಳಿ ಹೊದ್ದ ಕೆಂಚಪ್ಪ. ಅವನು ಅತ್ತಿಗೆಯನ್ನು ಕಂಡು ಎದ್ದುನಿಂತು, ಎಲ್ಲಿ ನೋಡಬೇಕೋ ತಿಳಿಯದೆ ರಸ್ತೆ ಕಡೆ ನೋಡಿದ. ನಿಂಗಕ್ಕ ಬಹಳ ಇಳಿದುಹೋಗಿದ್ದಳು. ಬೆನ್ನು ಬಗ್ಗಿತ್ತು.

"ಉಂಡ್ಯೇನವ್ವ?" ಎಂದು ಕೇಳಿದಳು.

ಏಕನಾಥಮ್ಮನಿಗೆ ಕೂಗಾಡಬೇಕೆನ್ನಿಸಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗೆ ಕೂಗಬೇಕೆನ್ನಿಸಿತು. ಆದರೆ ಆ ಮುದುಕಿಯ ಮುಖದಲ್ಲಿ ಚಿತ್ರಲಿಂಗಪ್ಪನ ಮೂಗು, ಅವನ ಗದ್ದ ಇತ್ತು.

"ಇಲ್ಲ" ಎಂದಷ್ಟೇ ಹೇಳಿ, ನಜೀರನ ಹಿಂದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.